ನೋಡಿದವರ ಸಹಿ

ಆರು ಗಂಟೆ ಎಂದರೆ ಆರು ಗಂಟೆ. ಆರೂ ಎಂಟಕ್ಕೆ ಆಟೊದಿಂದ ಇಳಿದ ವಿಲ್ಸನ್ ಅವಸರವೆಂಬುದೇ ಗೊತ್ತಿಲ್ಲದವನ ಹಾಗೆ ಟೋಪಿ ಸರಿಮಾಡಿಕೊಂಡು, ಇಗರ್ಜಿಯ ಕಡೆ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಆಮೇಲೆ ನಿಧಾನವಾಗಿ ನಡೆದು ಬಂದದ್ದನ್ನು ನೋಡಿ ವೀರಭದ್ರನಿಗೆ ಆ ದಿನದ ಮೊದಲ ಸಿಟ್ಟು ನೆತ್ತಿಗೇರಿತು. “ಎಂಟು ನಿಮಿಷ,” ಎಂದ. “ಕುಳಪ್ಪಮಿಲ್ಲ ಸಾರೇ,” ಎಂದ ವಿಲ್ಸನ್. ತೊಂದರೆಯಿಲ್ಲವಂತೆ. ತಡವಾಗಿ ಬಂದವನೇ ತೊಂದರೆಯಿಲ್ಲ ಎಂದು ಕ್ಷಮಿಸಿಬಿಟ್ಟರೆ ಕಾದು ನಿಂತವನು ಏನು ಮಾಡಬೇಕು. ಹದಿನಾಲ್ಕು ವರ್ಷದಿಂದ ಈ ಸೀಮೆಯಲ್ಲಿ ಈ ಒಂದು ಮಾತು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ನಲ್ಲಿ ರಿಪೇರಿಯವನು ಮೂರು ದಿನ ಬರದೆ ನಾಲ್ಕನೆಯ ದಿನ ಬಂದು ಕುಳಪ್ಪಮಿಲ್ಲ ಎಂದಿದ್ದ. ಬ್ರಾಂಚಿನಲ್ಲಿ ಬೀಗದ ಕೈ ಕಳೆದಾಗಲೂ ಕುಳಪ್ಪಮಿಲ್ಲ. ಹೆಂಡತಿ ಇಂದುಮತಿಯ ಸ್ಕ್ಯಾನಿನ ವರದಿ ಬಂದ ದಿನ ಅದನ್ನು ಮಡಚಿ ಲಕೋಟೆಗೆ ಹಾಕುತ್ತ ಆ ಡಾಕ್ಟರೂ ಅದೇ ಮಾತು ಹೇಳಿದ್ದ. ಹೇಳಿ ಏಳೇ ತಿಂಗಳಿಗೆ ಅವಳು ಹೋದಳು.

ತಿರುವನಂತಪುರದ ಹತ್ತಿರದ ತುಂಬಾ ಎಂಬ ಊರಿನ ಕಡಲದಂಡೆಯಲ್ಲಿ ಆಗಲೇ ಬೆಳಕು ಹರಿದಿತ್ತು. ಬಲಕ್ಕೆ ಬಾಹ್ಯಾಕಾಶ ಕೇಂದ್ರದ ಉದ್ದ ಗೋಡೆ, ಎಡಕ್ಕೆ ಬಲೆ ಬಿಡಿಸುತ್ತ ಕೂತ ಬೆಸ್ತರು. ನಡುವಿನ ರಸ್ತೆಯಲ್ಲಿ ಬೆನ್ನಚೀಲ ಹೊತ್ತು ಹೊಳೆಯುವ ಬೂಟು ತೊಟ್ಟು ನಿಂತ ಈ ನಾಲ್ವರನ್ನು ಮೊದಲ ಪೂಜೆಗೆ ಹೊರಟ ಹೆಂಗಸರು ಹಿಂದಿರುಗಿ ನೋಡಿಕೊಂಡೇ ಹೋಗುತ್ತಿದ್ದರು. ನಾಲ್ವರೂ ಕೊಚ್ಚಿಯ ಒಂದೇ ಬ್ಯಾಂಕಿನವರು. ವೀರಭದ್ರ ಅಲ್ಲಿ ಚೀಫ್ ಮ್ಯಾನೇಜರು, ಈ ತಂಡದ ಕ್ಯಾಪ್ಟನ್ನು, ಐವತ್ಮೂರು ವರ್ಷದವನು. ವಿಲ್ಸನ್ ಹೆಡ್ ಕ್ಯಾಷಿಯರು. ಮಟ್ಟಾಂಚೇರಿಯ ಅಶ್ರಫ್ ಸೈನ್ಯದಿಂದ ನಿವೃತ್ತನಾಗಿ ಬ್ಯಾಂಕಿನ ಕಾವಲಿಗೆ ಬಂದವನು, ಮಾತು ಕಡಿಮೆ. ಸಮರ್ಥ್ ಮೈಸೂರಿನವನು, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗದ ಆಫೀಸರು, ತಂಡಕ್ಕೆ ಸೇರಿ ಆರು ದಿನ. ಅವನು ಸೇರಿದ್ದು ಕೃಪಾ ಎಂಬವಳ ಜಾಗಕ್ಕೆ. ಆ ಹೆಸರನ್ನು ವಾರದಿಂದ ಯಾರೂ ವೀರಭದ್ರನೆದುರು ಎತ್ತುತ್ತಿರಲಿಲ್ಲ, ಎತ್ತುತ್ತಿಲ್ಲ ಎನ್ನುವುದೂ ಅವನಿಗೆ ಸಿಟ್ಟೇ ತರಿಸುತ್ತಿತ್ತು.

ದೇಣಿಗೆಯ ನಡಿಗೆಗೆ ಇನ್ನು ಹದಿನೈದು ದಿನ. ತಿರುವನಂತಪುರದ ಮೈದಾನದಿಂದ ಹೊರಟು ಪೊನ್ಮುಡಿಯ ತಪ್ಪಲು ಮುಟ್ಟಿ ಮತ್ತೆ ಅದೇ ಮೈದಾನಕ್ಕೆ. ನೂರು ಕಿಲೋಮೀಟರು, ಮೂವತ್ತು ತಾಸು. ನಾಲ್ಕು ಜನರ ತಂಡಗಳು, ನಾಲ್ವರೂ ಒಟ್ಟಿಗೆ ಗೆರೆ ದಾಟಬೇಕು. ಒಬ್ಬ ಕೂತರೆ ನಾಲ್ವರೂ ಕೂತ ಹಾಗೆ. ಬಂದ ದೇಣಿಗೆಯೆಲ್ಲ ಪಾಲಿಯೇಟಿವ್‌ನವರಿಗೆ, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸುಗಳಿಗೆ, ಹೊಸ ಜೀಪಿಗಾಗಿ. ಉಳಿದ ಮೂವರಿಗೆ ಅದೊಂದು ಒಳ್ಳೆಯ ಕೆಲಸ. ವೀರಭದ್ರನಿಗೆ ಹಾಗಲ್ಲ. ಆ ನರ್ಸುಗಳ ಹಳೆಯ ಜೀಪು ಏಳು ತಿಂಗಳು ವಾರಕ್ಕೆರಡು ಸಲ ತ್ರಿಪ್ಪುಣಿತ್ತುರದ ಅವನ ಫ್ಲ್ಯಾಟಿನ ಕೆಳಗೆ ಬಂದು ನಿಂತಿತ್ತು. ಪಡಸಾಲೆಯಿಂದ ಇಂದುಮತಿ ಮಲಗಿದ್ದ ಕೋಣೆಗೆ ಹನ್ನೆರಡು ಹೆಜ್ಜೆ. ಶೋಭನ ಸಿಸ್ಟರ್ ಗಾಯ ಬಿಚ್ಚಿ ಕಟ್ಟುವ ಹೊತ್ತಿನಲ್ಲಿ ಆ ಹನ್ನೆರಡು ಹೆಜ್ಜೆ ಅವನು ಒಮ್ಮೆಯೂ ನಡೆಯಲಿಲ್ಲ. ಈ ನೂರು ಕಿಲೋಮೀಟರು ನಡೆದೇ ತೀರಬೇಕು, ತಾನೇ ನಡೆಯಬೇಕು, ನಡೆದು ಗೆರೆ ದಾಟಬೇಕು. ಅದಾಗದಿದ್ದರೆ ಮುಂದೆ ಹೇಗೆ ಬದುಕುವುದು ಎಂದು ಅವನಿಗೆ ತಿಳಿಯದು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಬದಲು ಬೈಯುತ್ತಿದ್ದ.

“ಸಾರ್, ಹೊರಡೋಕ್ ಮುಂಚೆ ಒಂದ್ ಗ್ರೂಪ್ ಫೋಟೊ, ಸ್ಟೇಟಸ್‌ಗೆ,” ಎಂದ ಸಮರ್ಥ್.

“ನಡದ ಬಂದ ಮ್ಯಾಲ ತಗೀರಿ. ನಿಂತಾವರದ ಫೋಟೊ ಯಾಕ ಬೇಕು,” ಎಂದು ವೀರಭದ್ರ ನಡೆಯತೊಡಗಿದ.

ಇವತ್ತಿನದು ಕೊನೆಯ ತಾಲೀಮು, ಅದಕ್ಕೆಂದೇ ಹಿಂದಿನ ಸಂಜೆ ಕೊಚ್ಚಿಯಿಂದ ಬಂದು ಇಳಿದಿದ್ದರು. ದಂಡೆಯ ರಸ್ತೆ ಹಿಡಿದು ಉತ್ತರಕ್ಕೆ ಪೆರುಮಾತುರದ ಅಳಿವೆಯವರೆಗೆ, ಅಲ್ಲಿಂದ ಹಿಂದಕ್ಕೆ. ಒಟ್ಟು ಮೂವತ್ತು ಕಿಲೋಮೀಟರು, ಏಳು ತಾಸು. ವೀರಭದ್ರ ಮುಂದೆ, ಅವರು ಹಿಂದೆ. ತನ್ನ ಹೆಜ್ಜೆಯ ಸಪ್ಪಳ ಅವನಿಗೆ ಕೇಳಿಸುತ್ತಿತ್ತು, ಹೆಜ್ಜೆ ಮಾತ್ರ ತಿಳಿಯುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಅಂಗಾಲಿನ ಕೆಳಗೆ ಯಾರೋ ಹತ್ತಿಯ ಹಾಸಿಗೆ ಹಾಸಿದ ಹಾಗೆ. ಇದರಲ್ಲೊಂದು ಅನುಕೂಲವಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ: ಎಲ್ಲರೂ ಉರಿ ಉರಿ ಎಂದು ಕೂರುವ ಕಡೆ ತಾನು ನಡೆಯುತ್ತೇನೆ. “ಸಾರ್‌ಗೆ ನೋವೇ ಇಲ್ಲ,” ಎಂದು ವಿಲ್ಸನ್ ಕ್ಯಾಂಟೀನಿನಲ್ಲಿ ಹೊಗಳಿದ್ದು ಕಿವಿಗೆ ಬಿದ್ದು ಹೆಮ್ಮೆಯೂ ಆಗಿತ್ತು. ಹೋದ ತಿಂಗಳು ಬಲಗಾಲಿನ ಕಾಲುಚೀಲ ಎಳೆದಾಗ ಅದು ಸಲೀಸಾಗಿ ಬರಲಿಲ್ಲ. ಬಚ್ಚಲಿನಲ್ಲಿ ದೀಪ ಹಾಕದೆಯೇ ಎಳೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಸಕ್ಕೆಸೆದ. ಬೆವರು ಎಂದುಕೊಂಡ. ಮರುದಿನ ಅಂಗಡಿಗೆ ಹೋಗಿ ಆರು ಜೊತೆ ಕಪ್ಪು ಕಾಲುಚೀಲ ತಂದ. ಬೆವರಿಗೆ ಕಪ್ಪು ಬಣ್ಣವೇ ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಹಿಂದಿನಿಂದ ವಿಲ್ಸನ್ ಅದೇನೋ ಹೇಳಿದ, ಸಮರ್ಥ್ ನಕ್ಕ. ತನ್ನನ್ನು ನೋಡಿಯೇ ನಕ್ಕಿರಬೇಕು. ವೀರಭದ್ರ ವೇಗ ಹೆಚ್ಚಿಸಿದ. ಹನ್ನೆರಡು ಭಾನುವಾರ ಕೊಚ್ಚಿಯಲ್ಲಿ ಇವರನ್ನು ಎಳೆದಾಡಿ ಮನುಷ್ಯರನ್ನಾಗಿ ಮಾಡಿದವನು ತಾನು. ತ್ರಿಪ್ಪುಣಿತ್ತುರದ ಮೆಟ್ರೊ ಮುಗಿಯುವಲ್ಲಿ ಐದೂವರೆಗೆ ಸೇರಿಸಿ, ವೈಟ್ಟಿಲ ದಾಟಿಸಿ, ತೇವರದ ಸೇತುವೆ ಹತ್ತಿಸಿ ಇಳಿಸಿ, ಮಟ್ಟಾಂಚೇರಿಯ ಜೆಟ್ಟಿ ಮುಟ್ಟಿಸಿದವನು. ಎಷ್ಟು ನೀರು ಕುಡಿಯಬೇಕು, ಬಾಳೆಹಣ್ಣು ಯಾವಾಗ ತಿನ್ನಬೇಕು, ಲೇಸು ಎಷ್ಟು ಬಿಗಿಯಬೇಕು, ಎಲ್ಲ ಬರೆದು ಕೊಟ್ಟವನು. ಎಲ್ಲಕ್ಕಿಂತ ಮೇಲೆ ರಿಜಿಸ್ಟರು. ದೂರ ನಡೆಯುವವರು ಸೋಲುವುದು ಎದೆಯಿಂದಲ್ಲ, ಅಂಗಾಲಿನಿಂದ. ಅಂಗಾಲು ಅವರವರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಪ್ರತಿ ಹತ್ತು ಕಿಲೋಮೀಟರಿಗೆ ಕೂತು ಬೂಟು ಬಿಚ್ಚಬೇಕು, ಜೊತೆಗಾರ ನೋಡಬೇಕು, ಬರೆದು ಸಹಿ ಹಾಕಬೇಕು. ಬ್ಯಾಂಕಿನಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡದೆ ಯಾವುದೂ ಮುಂದೆ ಹೋಗದು, ಅದೇ ಪದ್ಧತಿ. ನೀಲಿ ರಟ್ಟಿನ ಆ ಪುಸ್ತಕಕ್ಕೆ ತಾನೇ ಕೂತು ಸ್ಕೇಲು ಹಿಡಿದು ಗೆರೆ ಎಳೆದಿದ್ದ. ಹೆಸರು, ಎಡಗಾಲು, ಬಲಗಾಲು, ಕೊನೆಗೆ ನೋಡಿದವರ ಸಹಿ.

ಹೋದ ಭಾನುವಾರ ಮಟ್ಟಾಂಚೇರಿಯ ಜೆಟ್ಟಿಯಲ್ಲಿ ಮೆಣಸಿನ ಚೀಲಗಳ ವಾಸನೆಯ ನಡುವೆ ಕೂತಾಗ ಕೃಪಾ ಬೂಟಿನ ಲೇಸು ಬಿಚ್ಚಿದಂತೆ ಮಾಡಿ ಮತ್ತೆ ಕಟ್ಟಿದ್ದನ್ನು ಅವನು ಕಂಡಿದ್ದ. ಅವಳ ಜೊತೆಗಾರ ಅಶ್ರಫ್ ರಿಜಿಸ್ಟರಿನಲ್ಲಿ ಸರಿ ಎಂದು ಬರೆದು ಸಹಿ ಮಾಡಿಯೂ ಆಗಿತ್ತು. ಆಫೀಸರ್ ಹೆಂಗಸಿನ ಕಾಲು ಹಿಡಿದು ನೋಡುವುದು ಹೇಗೆ ಎಂಬ ಸಂಕೋಚ ಅವನಿಗೆ. ವೀರಭದ್ರ ಎಲ್ಲರೆದುರು ಅವಳ ಬೂಟು ಬಿಚ್ಚಿಸಿದ. ದೋಣಿಗೆ ಸಾಲುನಿಂತ ಇಪ್ಪತ್ತು ಮೂವತ್ತು ಜನ ತಿರುಗಿ ನೋಡಿದರು. ಎಡ ಹಿಮ್ಮಡಿಯಲ್ಲಿ ಒಂದು ಗುಳ್ಳೆ, ಮೇಲೆ ಪ್ಲಾಸ್ಟರು, ಅದರ ಮೇಲೆ ಎರಡು ಕಾಲುಚೀಲ. “ಸಣ್ಣದು ಸರ್. ನಂಗೆ ನಡೀಲಿಕ್ಕೆ ಆಗ್ತದೆ,” ಎಂದಳು ಕೃಪಾ, ಕಾಸರಗೋಡಿನ ತನ್ನ ಮೆತ್ತನೆಯ ಕನ್ನಡದಲ್ಲಿ. “ಆಗ್ತದೋ ಇಲ್ಲೋ ನೀವು ಹೇಳೂದಲ್ಲ, ನೋಡಿದವರು ಹೇಳೂದು. ಮುಚ್ಚಿಟ್ಟವರಿಗೆ ನನ್ನ ತಂಡದಾಗ ಜಾಗಾ ಇಲ್ಲ. ನಾಳೆಯಿಂದ ಬರಬ್ಯಾಡ್ರಿ.” ಅಶ್ರಫನಿಗೂ ಬೈಗುಳ ಬಿತ್ತು. ನೋಡದೆ ಸಹಿ ಹಾಕುವವನು ಕಳ್ಳನಿಗಿಂತ ಕಡೆ, ಎಂದಿದ್ದ. ರಿಜಿಸ್ಟರು ಕಿತ್ತುಕೊಂಡು ಅವಳ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಬರೆದ: ಎಡಗಾಲು, ಹಿಮ್ಮಡಿ, ಕಡಲೆಕಾಳಿನಷ್ಟು ಗುಳ್ಳೆ, ಮುಚ್ಚಿಟ್ಟದ್ದು. ಕೃಪಾ ಅಳಲಿಲ್ಲ. ನಿಧಾನವಾಗಿ ಲೇಸು ಕಟ್ಟಿಕೊಂಡು ಎದ್ದು ನಿಂತು, “ನಿಮ್ಮ ಕಾಲು ಯಾರು ನೋಡ್ತಾರೆ ಸರ್?” ಎಂದು ಕೇಳಿದಳು. “ವಿಲ್ಸನ್ ಸಹಿ ಐತಿ. ಓದ್ರಿ,” ಎಂದು ಪುಸ್ತಕವನ್ನು ಅವಳ ಮುಖಕ್ಕೆ ಹಿಡಿದಿದ್ದ. ಅವಳು ಓದಿದಳು. ಹನ್ನೆರಡು ವಾರದ್ದನ್ನೂ ಪುಟ ತಿರುವಿ ಓದಿ, ಮಡಚಿ ಕೈಗೆ ಕೊಟ್ಟು, ಬಂದ ದೋಣಿ ಹತ್ತಿ ಹೋದಳು.

ಆ ಪ್ರಶ್ನೆ ವಾರವಿಡೀ ಹಿಂದೆ ಬಿದ್ದಿತ್ತು. ಕೇಳುವುದಕ್ಕೆ ಅವಳ್ಯಾರು. ವಿಲ್ಸನ್‌ನ ಕಾಲನ್ನು ತಾನು ಪ್ರತಿ ಸಲ ಬೆರಳ ಸಂದು ಸಂದು ಬಿಡಿಸಿ ನೋಡುತ್ತೇನೆ. ಆಮೇಲೆ ವಿಲ್ಸನ್ ತನ್ನ ಬೂಟಿನ ಕಡೆ ಬಗ್ಗುತ್ತಾನೆ, ಬಗ್ಗಿದ ಹಾಗೆ ಮಾಡುತ್ತಾನೆ. “ನಂದು ಫೈನ್ ವಿಲ್ಸನ್, ಸೈನ್ ಮಾಡು,” ಎನ್ನುತ್ತೇನೆ. ಅವನು ಮಾಡುತ್ತಾನೆ. ಮ್ಯಾನೇಜರ್ ಸಾರು ಫೈನ್ ಎಂದ ಮೇಲೆ ಕ್ಯಾಷಿಯರು ಇಲ್ಲ ಎನ್ನುವನೇ. ತಪ್ಪು ವಿಲ್ಸನ್‌ನದು, ಬೆನ್ನುಮೂಳೆ ಇಲ್ಲದವನು. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ನೋಡದೆ ಸಹಿ ಹಾಕಿದ ಎಷ್ಟು ಜನರಿಗೆ ಮೆಮೊ ಕೊಟ್ಟಿಲ್ಲ. ಇಷ್ಟು ಯೋಚಿಸುವಾಗ ವೀರಭದ್ರನಿಗೆ ಎದೆಯ ಒಳಗೆಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ಕಾಲಿನಲ್ಲಿ ಅಲ್ಲ. ಕಾಲಿನಲ್ಲಿ ಏನೂ ಚುಚ್ಚುತ್ತಿರಲಿಲ್ಲ.

ಪೆರುಮಾತುರ ಮುಟ್ಟಿದಾಗ ಒಂಬತ್ತೂಕಾಲು. ಅಳಿವೆಯ ಬಾಯಲ್ಲಿ ದೋಣಿಗಳು ಅಲೆ ಹತ್ತಿ ಇಳಿದು ಒಳಬರುತ್ತಿದ್ದವು. ಅಶ್ರಫ್ ಚೀಲದಿಂದ ಖರ್ಜೂರ ತೆಗೆದು ಎಲ್ಲರಿಗೂ ಎರಡೆರಡು ಕೊಟ್ಟ, ವೀರಭದ್ರನಿಗೆ ಮಾತ್ರ ಒಂದೇ. ಸಕ್ಕರೆ ಕಾಯಿಲೆ ಇದೆ ಎಂದು ಇವನಿಗೆ ಹೇಳಿದವರು ಯಾರು. ಮೈಯೆಲ್ಲ ಉರಿಯಿತು. ಆ ಒಂದನ್ನೂ ತಿನ್ನದೆ ಜೇಬಿಗೆ ಹಾಕಿಕೊಂಡು, ಐದು ನಿಮಿಷದ ವಿರಾಮವನ್ನು ಮೂರಕ್ಕಿಳಿಸಿ ಎಬ್ಬಿಸಿದ. ಹತ್ತನೆಯ ಕಿಲೋಮೀಟರಿನಲ್ಲಿ ಬಿಟ್ಟುಹೋದ ಕಾಲು ನೋಡುವುದನ್ನು ಇನ್ನು ಐದು ಕಿಲೋಮೀಟರು ಹಿಂದಕ್ಕೆ ನಡೆದ ಮೇಲೆ ಮಾಡೋಣ ಎಂದ. ತನ್ನ ರೂಲು ತಾನೇ ಮುರಿದದ್ದನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಬೈಯಬಹುದಿತ್ತು.

ಬಿಸಿಲು ಏರಿತು. ಮರಳಿನ ಮೇಲಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಆ ಏಳು ತಿಂಗಳು ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಜೀಪಿನ ಸದ್ದಾದರೆ ಸಾಕು, ಅವನು ಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದ. ಮೊಸರು ತರಬೇಕು, ಔಷಧಿ ತರಬೇಕು, ಇಲ್ಲವೆಂದರೆ ಕೆಳಗೆ ವಾಚ್‌ಮನ್ ಕರೆದ. ಮೆಟ್ಟಿಲಲ್ಲಿ ಸಿಸ್ಟರು ಎದುರಾಗಿ, “ಸಾರ್, ಒಮ್ಮೆ ಬಂದು ನೋಡಿಕೊಳ್ಳಿ, ನಾನಿಲ್ಲದ ದಿನ ನೀವೇ ಮಾಡಬೇಕಾಗುತ್ತದೆ,” ಎನ್ನುತ್ತಿದ್ದಳು. ಮಗಳು ನೇಹಾ ಕಲಿತಳು. ಹದಿನೆಂಟು ತುಂಬದ ಹುಡುಗಿ ಕೈಗೆ ಗವಸು ಹಾಕಿಕೊಂಡು ತಾಯಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನ ಕೆಳಗಿನ ಹಾಸಿಗೆ ಹುಣ್ಣನ್ನು ತೊಳೆಯುವುದು ಕಲಿತಳು, ಅವನು ಮೊಸರು ತಂದ. ಒಂದು ಶುಕ್ರವಾರ ಇಂದುಮತಿ ಕೂಗಿ ಕರೆದಿದ್ದಳು. ದಿಂಬಿಗೆ ಮುಖವಿಟ್ಟು ಮಲಗಿದ್ದಳು. “ಇವತ್ತರ ನೀವು ಒಮ್ಮಿ ನೋಡ್ರಿ. ನನ್ನ ಬೆನ್ನು ನನಗ ಕಾಣಂಗಿಲ್ಲ. ಹೆಂಗ ಐತಿ ಅಂತ ಹೇಳ್ರಿ. ಸಿಸ್ಟರ್ ಖರೆ ಹೇಳಂಗಿಲ್ಲ.” ಅವನು ಬಾಗಿಲ ಚೌಕಟ್ಟಿನಲ್ಲೇ ನಿಂತಿದ್ದ, ಕಣ್ಣು ಕಿಟಕಿಯ ಪರದೆಯ ಮೇಲೆ. “ಮಾಗೇತಿ,” ಎಂದಿದ್ದ. “ಭಾಳ ಮಾಗೇತಿ ಈಗ.” ಅವಳು ದಿಂಬಿನಿಂದ ಮುಖ ಎತ್ತದೆ, “ಹೌದಾ,” ಎಂದಳು. ಅಷ್ಟೇ. ಅವನು ಮೊಸರಿಗೆ ಹೋದ.

ದಂಡೆಯ ತೆಂಗಿನ ನೆರಳಿನಲ್ಲಿ ಬೋರಲು ಹಾಕಿದ ಒಂದು ದೋಣಿ. ಅದರ ಪಕ್ಕದಲ್ಲಿ ಸ್ಕೂಟರು ನಿಲ್ಲಿಸಿಕೊಂಡು ನೇಹಾ ಕಾಯುತ್ತಿದ್ದಳು. ತಿರುವನಂತಪುರದಲ್ಲೇ ಓದುವ ಅವಳು ಇವತ್ತು ತಂಡಕ್ಕೆ ನೀರು, ಹಣ್ಣು ತರುವ ಕೆಲಸ ವಹಿಸಿಕೊಂಡಿದ್ದಳು. ಬಿಡುವಿನಲ್ಲಿ ಪಾಲಿಯೇಟಿವ್‌ನವರ ಜೊತೆಯೂ ಹೋಗುತ್ತಾಳೆ ಎಂದು ಬೇರೆಯವರಿಂದ ಅವನಿಗೆ ತಿಳಿದಿತ್ತು. ತಂದೆ ಕನ್ನಡದಲ್ಲಿ ಕೇಳಿದರೆ ಮಗಳು ಮಲಯಾಳದಲ್ಲಿ ಉತ್ತರಿಸುವುದು ಮನೆಯ ರೂಢಿ. ಇಂದುಮತಿ ಹೋದ ಮೇಲೆ ಉತ್ತರಗಳೂ ಚಿಕ್ಕದಾಗಿದ್ದವು. ಉಳಿದ ಮೂವರೂ ನೆರಳಿಗೆ ಬಿದ್ದುಕೊಂಡು ಬೂಟು ಕಳಚಿದರು. ಸಮರ್ಥನ ಕಾಲನ್ನು ಅಶ್ರಫ್ ಈ ಸಲ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಬಂದೂಕು ಪರೀಕ್ಷಿಸುವವನ ಹಾಗೆ ನೋಡಿದ. ವೀರಭದ್ರ ವಿಲ್ಸನ್‌ನ ಅಂಗಾಲು ಒತ್ತಿ ನೋಡಿ, ಎರಡೂ ಸರಿ ಎಂದು ಬರೆದು ಸಹಿ ಹಾಕಿ, ರಿಜಿಸ್ಟರು ಅವನತ್ತ ತಳ್ಳಿದ. “ಮೈನ್ ಈಸ್ ಫೈನ್. ಸೈನ್ ಮಾಡು.”

ವಿಲ್ಸನ್ ಪೆನ್ನು ಹಿಡಿದ. ನೇಹಾ ಲೋಟದಲ್ಲಿ ಉಪ್ಪು ನಿಂಬೆಯ ನೀರು ಹಿಡಿದು ತಂದೆಯ ಪಕ್ಕ ಮಂಡಿಯೂರಿದವಳು ಅಲ್ಲೇ ತಡೆದಳು. ಮೂಗು ಸ್ವಲ್ಪ ಎತ್ತಿದಳು. ಕಡಲಿನ ಗಾಳಿಯಲ್ಲಿ ಮೀನಿನ ವಾಸನೆಯಿತ್ತು, ಹಗ್ಗದ ವಾಸನೆಯಿತ್ತು, ಬೆವರಿನದಿತ್ತು. ಇನ್ನೊಂದೂ ಇತ್ತು. ಅವಳು ಲೋಟ ಕೆಳಗಿಟ್ಟು ಅವನ ಬಲಗಾಲನ್ನೇ ನೋಡಿದಳು.

“ಅಪ್ಪಾ, ಷೂಸ್ ಊರಿಕ್ಕೇ,” ಎಂದಳು. ಬೂಟು ಬಿಚ್ಚಬೇಕಂತೆ.

“ಯಾಕ? ಎಲ್ಲಾ ಛಲೋ ಐತಿ.”

“ಈ ಸ್ಮೆಲ್ ನನಗೆ ಗೊತ್ತು,” ಎಂದಳು ಮಲಯಾಳದಲ್ಲೇ, ಬಹಳ ತಗ್ಗಿದ ದನಿಯಲ್ಲಿ.

“ನಿನಗೇನ ಗೊತ್ತು? ನೀ ಏನ ಡಾಕ್ಟರೇನ? ನೀರು ಕೊಡಾಕ ಬಂದಿ, ನೀರು ಕೊಡು.” ದನಿ ಏರಿತು. ಬಲೆ ಹೊಲಿಯುತ್ತಿದ್ದ ಮುದುಕನೊಬ್ಬ ತಲೆಯೆತ್ತಿದ. “ಏಳ್ರಿ ಎಲ್ಲಾರೂ. ಇನ್ನ ಹತ್ತು ಕಿಲೋಮೀಟರ್ ಐತಿ. ಗೆಟ್ ಅಪ್.” ವೀರಭದ್ರ ಎದ್ದು ನಿಂತ. ಚೀಲ ಹೆಗಲಿಗೇರಿಸಿದ. ಹತ್ತು ಹೆಜ್ಜೆ ನಡೆದ. ಹಿಂದೆ ಸಪ್ಪಳವಿರಲಿಲ್ಲ. ತಿರುಗಿದರೆ ಮೂವರೂ ಕೂತೇ ಇದ್ದರು, ಬರಿಗಾಲು ಮರಳಿನ ಮೇಲೆ ಚಾಚಿಕೊಂಡು. “ಕೇಳಿಸಲಿಲ್ಲೇನು?” ಎಂದ. ಅಶ್ರಫ್ ಕನ್ನಡಕ ಒರೆಸಿ ಜೇಬಿಗಿಟ್ಟುಕೊಂಡ. ಆಮೇಲೆ ಮಲಯಾಳದಲ್ಲಿ ಮೆಲ್ಲಗೆ, ಬ್ಯಾಂಕಿನ ಬಾಗಿಲಲ್ಲಿ ಗಿರಾಕಿಗೆ ಹೇಳುವ ಹಾಗೆ, ಮೊದಲು ಸಾರ್ ಕಾಲು ನೋಡೋಣ, ಆಮೇಲೆ ಏಳೋಣ ಎಂದ.

“ವಿಲ್ಸನ್, ಹೇಳು ಇವರಿಗೆ. ಹನ್ನೆರಡು ವಾರ ನೋಡಿದವ ನೀನು,” ಎಂದ ವೀರಭದ್ರ ಮಲಯಾಳದಲ್ಲಿ.

ವಿಲ್ಸನ್ ರಿಜಿಸ್ಟರನ್ನು ಮುಚ್ಚಿದ. ಅವನ ಮುಖ ಕೆಂಪಾಗಿತ್ತು. “ಸಾರೇ,” ಎಂದ ಮಲಯಾಳದಲ್ಲೇ. “ಸಾರ್ ಕಾಲು ನಾನು ಒಂದು ದಿನವೂ ಕಂಡಿಲ್ಲ. ನೀವು ಬರೆ ಎಂದಿರಿ, ನಾನು ಬರೆದೆ. ಕೃಪಾ ಮೇಡಂ ಹೋದ ದಿನ ಮನೆಯಲ್ಲಿ ನನಗೆ ಊಟ ಸೇರಲಿಲ್ಲ.”

ವೀರಭದ್ರನಿಗೆ ಕೂಗಬೇಕೆನಿಸಿತು. ಇಷ್ಟು ವರ್ಷ ಬೇಕೆಂದಾಗ ಬಂದ ಸಿಟ್ಟು ಈಗ, ಎಲ್ಲರೂ ತನ್ನನ್ನೇ ನೋಡುತ್ತಿರುವ ಈ ಹೊತ್ತಿನಲ್ಲಿ, ಕೈಕೊಟ್ಟಿತು. ಇಂದುಮತಿ ಹೋದ ಮೇಲಿನ ಎರಡು ವರ್ಷ ವಿಲ್ಸನ್ ಮೇಲೆ, ನಲ್ಲಿಯವನ ಮೇಲೆ, ಡಾಕ್ಟರ ಮೇಲೆ, ಇಡೀ ಸೀಮೆಯ ಮೇಲೆ ಕಾರಿದ ಸಿಟ್ಟೆಲ್ಲ ತನ್ನೊಬ್ಬನ ಮೇಲಿನದು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕಾರಿದ್ದ. ನೇಹಾ ಬಂದು ಅವನ ತೋಳು ಹಿಡಿದು ದೋಣಿಯ ಮೇಲೆ ಕೂರಿಸಿದಳು. ಅವನು ಕೂತ.

ಅವಳು ಮರಳಿನಲ್ಲಿ ಕೂತು ಅವನ ಬಲಗಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಲೇಸು ಬಿಚ್ಚಿದಳು. ಬೂಟು ಬಂತು. ಕಪ್ಪು ಕಾಲುಚೀಲ ಬರಲಿಲ್ಲ. ಬಾಟಲಿಯಿಂದ ನೀರು ಸ್ವಲ್ಪ ಸ್ವಲ್ಪವೇ ಹನಿಸಿ ನೆನೆಸಿದಳು, ಕಾದಳು. ವೀರಭದ್ರ ಕಡಲಿನ ಕಡೆ ಮುಖ ತಿರುಗಿಸಿದ. ನೀರು ಬೀಳುವುದು ಕೇಳಿಸಿತು, ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ನರೇಗಲ್ಲಿನ ಹತ್ತಿರದ ಅವನ ಊರಿನಲ್ಲಿ ಅವರದು ಅಯ್ಯನವರ ಮನೆತನ. ಭಕ್ತರ ಮನೆಗೆ ಅಜ್ಜನ ಜೊತೆ ಹೋದರೆ ಎಂಟು ವರ್ಷದ ಅವನನ್ನೂ ಮಣೆಯ ಮೇಲೆ ಕೂರಿಸಿ ಪಾದ ತೊಳೆಯುತ್ತಿದ್ದರು. ಒಂದು ಸಲ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೀವಾಗಿತ್ತು. ಪೂಜೆಗೊಳ್ಳುವ ಪಾದ, ಹೊಲಸಾಗಿದೆ ಎಂದು ನಾಚಿ ಬೆರಳು ಮಡಚಿ ಮುಚ್ಚಿಕೊಂಡಿದ್ದ. ನೀಲವ್ವ ಎಂಬ ಮುದುಕಿ ನೀರು ಹಾಕುತ್ತಿದ್ದವಳು ಕಾಲು ತಿರುಗಿಸಿ ನೋಡಿದಳು. “ಅಯ್ಯಾರ, ಮುಚ್ಚಿಕೊಂಡ್ರ ಕೀವು ಎಲ್ಲಿಗೆ ಹೋಗ್ಬೇಕು,” ಎಂದು ತಾಳಿಸರದ ಪಿನ್ನು ತೆಗೆದು ಮುಳ್ಳು ಕಿತ್ತು, ಸೀರೆಯ ಸೆರಗಿನಿಂದ ಒರೆಸಿ, ಆಮೇಲೆ ಹೂವಿಟ್ಟಳು. ಅವಳು ಮುಖ ಕಿವುಚಿರಲಿಲ್ಲ. ನೇಹಾಳೂ ಕಿವುಚಿರಲಿಕ್ಕಿಲ್ಲ, ಅವನು ನೋಡಲಿಲ್ಲ. ಸಮರ್ಥ್ “ಅಯ್ಯೋ” ಎಂದದ್ದು ಕೇಳಿಸಿತು. ವಿಲ್ಸನ್ ದೇವರ ಹೆಸರು ಹೇಳಿದ.

ನೇಹಾ ಚೀಲದಿಂದ ಗಾಜ್ ಬಟ್ಟೆ ತೆಗೆದಳು. ಇವತ್ತೇ ಆಸ್ಪತ್ರೆಗೆ ಹೋಗಬೇಕು ಎಂದಳು. ನಡೆಯುವುದು ಮುಗಿಯಿತು ಎಂದಳು. “ಹದಿನೈದ ದಿನದಾಗ—” ಎಂದು ಅವನು ಬಾಯಿ ತೆರೆದ. “ಇಲ್ಲ,” ಎಂದಳು. ಮೂರು ತಿಂಗಳಾದರೂ ಕಾಲು ಊರುವ ಹಾಗಿಲ್ಲ, ಊರಿದರೆ ಬೆರಳು ಹೋಗುತ್ತದೆ, ಆಮೇಲೆ ಪಾದ. ಇದನ್ನೆಲ್ಲ ಅವಳು ಶೋಭನ ಸಿಸ್ಟರಿನ ದನಿಯಲ್ಲೇ ಹೇಳಿದಳು, ಬೈಯದೆ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಕೊನೆಗೆ ಸಮರ್ಥನೇ, “ಸಾರ್, ಬೇಜಾರ್ ಮಾಡ್ಕೋಬೇಡಿ. ನಾಲ್ಕನೆಯವ್ರು ಇಲ್ದಿದ್ರೆ ಟೀಮೇ ಇರಲ್ಲ. ಹೆಸರು ಬದಲಾಯಿಸೋಕೆ ನಾಳೆ ಕೊನೆ ದಿನ. ಇವ್ರಷ್ಟು ನಡೆದು ರೆಡಿ ಇರೋವ್ರು ಅವ್ರೊಬ್ರೇ,” ಎಂದ. ಯಾರು ಎಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅಶ್ರಫ್ ತಾನು ಫೋನ್ ಮಾಡುತ್ತೇನೆ ಎಂದ. ವೀರಭದ್ರ ಬೇಡವೆಂದು ಕೈಯಾಡಿಸಿ ತನ್ನ ಫೋನು ತೆಗೆದ. ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಅವಳು ಎತ್ತಿದಳು.

“ಹೇಳಿ ಸರ್.”

“ನಿಮ್ಮ ಕಾಲು ಹೆಂಗ ಐತಿ?”

“ಒಣಗಿದೆ. ಎಂತಕ್ಕೆ?”

“ನನ್ನ ಜಾಗಾ ಖಾಲಿ ಐತಿ. ನೀವು ನಡೀಬೇಕು.” ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ನನ್ನ ಅಂಗಾಲಾಗ ಗಾಯ ಆಗೇತಿ. ಮುಚ್ಚಿಟ್ಟಿದ್ದೆ. ಅವತ್ತು ನೀವು ಕೇಳಿದ್ರಲ್ಲ, ನನ್ನ ಕಾಲು ಯಾರೂ ನೋಡಿರಲಿಲ್ಲ.”

“ಈಗ ನೋಡಿದ್ದು ಯಾರು?”

“ಮಗಳು.”

“ನೀವು ನೋಡಿದ್ರಾ?”

ದಂಡೆಯ ಮೇಲೆ ಅಲೆಯೊಂದು ಬಿದ್ದು ಹಿಂದೆ ಸರಿಯಿತು.

“ಜೆಟ್ಟಿಯಲ್ಲಿ ಅಷ್ಟು ಜನ ನನ್ನ ಕಾಲು ನೋಡಿದ್ರು ಸರ್. ಅದ್ರಲ್ಲಿ ನನ್ನ ಬ್ರಾಂಚಿನ ಗಿರಾಕಿಗಳೂ ಇದ್ರು. ಮರುದಿನ ಕೌಂಟರಿನಲ್ಲಿ ಒಬ್ರು, ಕಾಲು ಹೇಗುಂಟು ಅಂತ ಕೇಳಿದ್ರು,” ಎಂದಳು ಕೃಪಾ. ಅವಳ ದನಿಯಲ್ಲಿ ನಡುಕವಿರಲಿಲ್ಲ, ಸಿಟ್ಟಿತ್ತು, ಏನನ್ನೂ ಮುಚ್ಚಿಡದ ಶುದ್ಧವಾದ ಸಿಟ್ಟು, ಅದನ್ನು ಕೇಳಿ ಅವನಿಗೆ ಹೊಟ್ಟೆಕಿಚ್ಚಾಯಿತು. “ನಾನು ನಡೀತೇನೆ. ನಿಮಗೋಸ್ಕರ ಅಲ್ಲ. ನನ್ನ ಅಜ್ಜಿಗೂ ಅಂಥ ಸಿಸ್ಟರ್‌ಗಳೇ ಬರ್ತಿದ್ರು. ಆದ್ರೆ ಆ ಪುಸ್ತಕದಲ್ಲಿ ನಿಮ್ಮದೂ ಬರೀಬೇಕು. ನನ್ನದು ಬರೆದ ಹಾಗೇ. ನೋಡಿ ಬರೀಬೇಕು.” ಫೋನ್ ಇಟ್ಟಳು.

ನೇಹಾ ಗಾಯ ಇನ್ನೂ ಕಟ್ಟಿರಲಿಲ್ಲ. ಅವಳ ಕೈಯಲ್ಲಿ ಗಾಜ್ ಬಟ್ಟೆ ಇತ್ತು, ಕಾಲು ಮಡಿಲಿನಲ್ಲಿತ್ತು. ಕನ್ನಡದ ಮಾತು ಅವಳಿಗೆ ಎಲ್ಲವೂ ತಿಳಿದಿತ್ತು. ತನ್ನ ಫೋನಿನಲ್ಲಿ ಅಂಗಾಲಿನ ಒಂದು ಫೋಟೊ ತೆಗೆದು ಅವನ ಮುಂದೆ ಹಿಡಿದಳು. ಅವನ ಕಣ್ಣು ತಾನಾಗಿಯೇ ಕಡಲಿನ ಕಡೆ ಹೋಯಿತು.

“ಈ ಕಡಿ ನೋಡ್ರಿ,” ಎಂದಳು. ಕನ್ನಡದಲ್ಲಿ. ತಾಯಿಯ ಕನ್ನಡ ಅದು, ತಾಯಿಯ ಹಾಗೆಯೇ ‘ಡಿ’ಯನ್ನು ಸ್ವಲ್ಪ ಎಳೆದು.

ಅವನು ನೋಡಿದ. ಹೆಬ್ಬೆರಳಿನ ಬುಡದಲ್ಲಿ ದುಂಡಗೆ ಒಂದು ಗುಂಡಿ. ಅಂಚು ಬೆಳ್ಳಗೆ ಗಟ್ಟಿಯಾಗಿತ್ತು, ನಡುವೆ ಹಳದಿ, ಅದರೊಳಗೆ ಕೆಂಪು. ಇದು ತನ್ನದು ಎಂದು ನಂಬಿಕೆ ಬರಲು ಹೊತ್ತು ಹಿಡಿಯಿತು. ಫೋನನ್ನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದ. ಮತ್ತೂ ನೋಡಿದ.

“ಅಮ್ಮಂದು ಹಿಂಗ ಇತ್ತೇನು?” ಎಂದು ಕೇಳಿದ.

“ಇಲ್ಲ,” ಎಂದಳು ನೇಹಾ. ಪದಗಳನ್ನು ಹುಡುಕುತ್ತ ಒಂದೊಂದೇ ಹೇಳಿದಳು. “ದೊಡ್ಡದು. ನನ್ನ ಕೈ ಹೋಗ್ತಿತ್ತು ಒಳಗ.”

“ಕೊನಿಗರ ಮಾಗಿತ್ತೇನು?”

“ಇಲ್ಲ ಅಪ್ಪಾ.” ಅವಳು ಗಾಯದ ಅಂಚನ್ನು ಒರೆಸತೊಡಗಿದಳು. “ಅಮ್ಮಗ ಗೊತ್ತಿತ್ತು. ನೀವು ನೋಡಿಲ್ಲ ಅಂತಾನೂ ಗೊತ್ತಿತ್ತು. ಅಪ್ಪ ಮಾಗೇತಿ ಅಂದಾರ, ನೀ ಇಲ್ಲ ಅನಬ್ಯಾಡ ಅಂದ್ಲು.”

ವಿಲ್ಸನ್‌ಗೆ ಅವರ ಕನ್ನಡ ತಿಳಿಯಲಿಲ್ಲ. ಅವನು ರಿಜಿಸ್ಟರು ತೆರೆದು, ಏನು ಬರೆಯಲಿ ಎನ್ನುವಂತೆ ಪೆನ್ನು ಹಿಡಿದು ನಿಂತಿದ್ದ. ವೀರಭದ್ರ ಎರಡನ್ನೂ ಅವನಿಂದ ತೆಗೆದುಕೊಂಡ. ತಾನೇ ಸ್ಕೇಲು ಹಿಡಿದು ಎಳೆದ ಗೆರೆಗಳು. ಮೇಲಿನದೆಲ್ಲ ಇಂಗ್ಲಿಷಿನಲ್ಲಿತ್ತು. ಕೃಪಾ ಓದಬೇಕು, ನೇಹಾ ಎಂದಾದರೊಂದು ದಿನ ಓದಲಿ ಎಂದು ಅವನು ಕನ್ನಡದಲ್ಲಿ ಬರೆದ. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ಫೋನು ನೋಡಿ ಒಂದು ಪದ, ಮತ್ತೆ ನೋಡಿ ಒಂದು ಪದ. ಬಲಗಾಲು. ಹೆಬ್ಬೆರಳಿನ ಬುಡ. ರೂಪಾಯಿಯಗಲ. ಮುಚ್ಚಿಟ್ಟದ್ದು. ಪೆನ್ನು ನಿಂತಿತು. ಫೋನು ಕೆಳಗಿಟ್ಟು, ಸೊಂಟ ಬಗ್ಗಿಸಿ, ಮಗಳ ಮಡಿಲಿನಲ್ಲಿದ್ದ ಕಾಲನ್ನು ಎರಡೂ ಕೈಯಿಂದ ತನ್ನತ್ತ ತಿರುಗಿಸಿಕೊಂಡು ಕಣ್ಣಾರೆ ನೋಡಿದ. ಆಮೇಲೆ ಬರೆದ: ಮಾಗಿಲ್ಲ. ನೋಡಿದವರ ಸಹಿ ಎಂಬ ಕಡೆಯಲ್ಲಿ ತನ್ನ ಹೆಸರು ಹಾಕಿದ.